ಮಾತು ಬಾರದ ಊರಿನ ನೆರೆಹೊರೆ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ ನಾನು ಕೊಂಚ ಹಿಂದೆಗೆದೆನು. ಶಾಲೆಯ ಹಳೆಯ ದಿನಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯ ಸೋದರಿಯರು ಅನೇಕರಿದ್ದಾರೆ. ಆದಕಾರಣ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಈ ಸಂಚಿಕೆಯನ್ನು ಓದುವ ತಾಯಂದಿರಲ್ಲಿ ಹಲವರಿಗೆ ಇದು ಈಗಾಗಲೇ ಮನೆಯ ವಿಷಯವಾಗಿದೆ. ಮಿಕ್ಕವರಿಗೆ ಇನ್ನು ಕೆಲವು ವರುಷಗಳಲ್ಲಿ ಆಗಬಹುದು.

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯರು ದಾದಿಯರಾಗಿಯೂ, ಇಂಜಿನಿಯರರಾಗಿಯೂ, ಗಂಡಂದಿರ ಸಂಗಡಲೂ ಪರದೇಶಗಳಿಗೆ ಹೋಗುತ್ತಿದ್ದಾರೆ. ಅವರ ಹಿಂದೆ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಿಕೊಳ್ಳುವದಕ್ಕೆಂದೋ ತಾಯಿ ತಂದೆಗಳೂ ಹೋಗಿಬರುತ್ತಾರೆ. ಹಾಗೆ ಹೋಗಿ ಬಂದವರನ್ನು ಮಾತಾಡಿಸಿ ನೋಡಿರಿ, ಎರಡು ಬಗೆಯ ಉತ್ತರ ದೊರೆಯುವದು. ಕೆಲವರು, "ಅಲ್ಲಿ ಯಾರೂ ಯಾರೊಡನೆಯೂ ಮಾತಾಡುವದಿಲ್ಲ, ಮೂರು ತಿಂಗಳು ಸೆರೆಮನೆಯಲ್ಲಿದ್ದ ಹಾಗಾಯಿತು" ಎನ್ನುವರು. ಮತ್ತೆ ಕೆಲವರು, "ಭಾಷೆ ಯಾತಕ್ಕೆ? ಒಂದು ಮುಗುಳುನಗೆ ಸಾಕು, ಹೃದಯಕ್ಕೆ ಭಾಷೆಯ ಹಂಗಿಲ್ಲ" ಎನ್ನುವರು. ಮೊದಲನೆಯವರು ನಿರಾಶೆಯಿಂದ ಹೇಳುವರು, ಎರಡನೆಯವರು ಉತ್ಸಾಹದಿಂದ ಹೇಳುವರು. ಇಬ್ಬರ ಮಾತೂ ಸರಿಯಲ್ಲವೆಂಬದು ನನ್ನ ಅಭಿಪ್ರಾಯ. ಯಾಕಂದರೆ ಇವೆರಡನ್ನೂ ನಾನೇ ಬೇರೆ ಬೇರೆ ಕಾಲದಲ್ಲಿ ಹೇಳಿ, ಎರಡರಲ್ಲಿಯೂ ಪೆಟ್ಟು ತಿಂದಿದ್ದೇನೆ.

ನನ್ನ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಪ್ರವಾಸದ ಅಪ್ಪಣೆಯ ಮೇಲೆ ಹೋಗುವ ನಮ್ಮಂಥವರು ಆ ಸೀಮೆಯಲ್ಲಿ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚಾಗಿ ನಿಲ್ಲುವಂತಿಲ್ಲ. ಹಾಗೆ ನಾನು 2017ರಲ್ಲಿ, 2019ರಲ್ಲಿ, 2023ರಲ್ಲಿ, ಮೂರು ಸಲ ಹೋಗಿ ಬಂದೆನು. ಮೊದಲನೆಯ ಸಲದ 90 ದಿನಗಳನ್ನು ನಾನು ಕಿಟಕಿಯ ಬಳಿಯಲ್ಲಿ ಕಳೆದೆನೆಂದು ಹೇಳಿದರೆ ಹೆಚ್ಚು ಹೇಳಿದಂತಾಗದು. ಮಗಳು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಳಿತರೆ, ಅವಳು ಬರುವ ತನಕ ನನ್ನ ಬಾಯಿಂದ ಒಂದು ಮಾತು ಹೊರಡುವ ಸಂದರ್ಭವಿರಲಿಲ್ಲ. ಮೂವತ್ತೊಂದು ವರುಷ ತರಗತಿಯಲ್ಲಿ ನಿಂತು ಪಾಠ ಹೇಳಿದವಳಿಗೆ ಇದು ಎಂಥ ಶಿಕ್ಷೆಯೆಂಬದನ್ನು ಅಧ್ಯಾಪಕಿಯರು ಅರಿಯದಿರಲಾರರು. ಮೆಟ್ಟಿಲಿನಲ್ಲಿ ಯಾರಾದರೂ ಎದುರಾದರೆ ತಲೆ ತಗ್ಗಿಸಿ, ಗೋಡೆಯ ಬದಿಗೆ ಸರಿದು ಹೋಗುತ್ತಿದ್ದೆನು. ಅದು ಮರ್ಯಾದೆಯೆಂದು ನಾನು ತಿಳಿದಿದ್ದೆನು. ಆ ಸೀಮೆಯಲ್ಲಿಯಾದರೋ ಮೆಟ್ಟಿಲಿನಲ್ಲಿ ಎದುರಾದವರಿಗೆ "ಗ್ರ್ಯೂಸ್ ಗೋಟ್" ಎಂದು ವಂದನೆ ಹೇಳದೆ ಹೋಗುವದೇ ಅಮರ್ಯಾದೆ. ವೈದ್ಯರ ಮನೆಯಲ್ಲಿ ಸರದಿಗಾಗಿ ಕಾದು ಕುಳಿತಿರುವ ಅಪರಿಚಿತರ ಕೋಣೆಯನ್ನು ಹೊಕ್ಕರೂ ಎಲ್ಲರಿಗೂ ಒಟ್ಟಾಗಿ ವಂದನೆ ಹೇಳಿಯೇ ಕುಳಿತುಕೊಳ್ಳುವರು. ಕೆಳಮಹಡಿಯಲ್ಲಿ ಒಂಟಿಯಾಗಿ ವಾಸವಾಗಿದ್ದ ಒಬ್ಬ ವೃದ್ಧೆಯು, ಮೇಲಿನ ಹೆಂಗಸಿಗೆ ತನ್ನ ಮೇಲೆ ಯಾತಕ್ಕೆ ಕೋಪವೆಂದು ನನ್ನ ಮಗಳನ್ನು ಕೇಳಿದಳಂತೆ. ಇದನ್ನು ಮಗಳು ನನಗೆ ಹೇಳಿದ್ದು ಎರಡು ವರುಷಗಳ ತರುವಾಯ.

ಎರಡನೆಯ ಸಲ ಹೋದದ್ದು ಜನವರಿ ತಿಂಗಳಲ್ಲಿ. ಒಂದು ಸಾಯಂಕಾಲ ಆರು ಗಂಟೆಗೆ ಕಸದ ಚೀಲವನ್ನು ಕೆಳಗಿಟ್ಟು ಬರುವದಕ್ಕೆಂದು ಮನೆಯುಡುಪಿನಲ್ಲಿಯೇ ಇಳಿದೆನು. ಮೇಲೆ ಬಂದು ನೋಡಿದರೆ ಬಾಗಿಲು ಮುಚ್ಚಿಕೊಂಡಿದೆ. ಅಲ್ಲಿಯ ಮನೆಗಳ ಬಾಗಿಲಿಗೆ ಹೊರಗಡೆಯಿಂದ ತಿರುಗಿಸುವ ಹಿಡಿ ಇರುವದಿಲ್ಲ. ಒಂದು ಗುಂಡಿಯಿರುವದು, ಅದು ತಿರುಗದು. ಬೀಗದ ಕೈ ಒಳಗೆ, ದೂರವಾಣಿ ಒಳಗೆ, ಮಗಳು ರಾತ್ರಿಯ ಕೆಲಸಕ್ಕೆ ಹೋಗಿದ್ದಾಳೆ, ಬೆಳಗಿನ ತನಕ ಬರುವವಳಲ್ಲ. ಮೆಟ್ಟಿಲಿನ ಮೇಲೆ ಕಾಲು ಗಂಟೆ ಕುಳಿತು, ಚಳಿ ತಡೆಯಲಾರದೆ, ನಾನು ಒಮ್ಮೆಯೂ ವಂದಿಸದ ಆ ವೃದ್ಧೆಯ ಬಾಗಿಲನ್ನು ತಟ್ಟಿದೆನು.

ಅವಳು ಬಾಗಿಲು ತೆರೆದು ಏನೋ ಕೇಳಿದಳು. ನನಗೆ ಇಂಗ್ಲಿಷು ಬರುವದು, ಅವಳಿಗೆ ಬಾರದು. ನಾನು ಮೇಲಕ್ಕೆ ಕೈ ತೋರಿಸಿ, ಬೀಗ ತಿರುಗಿಸುವಂತೆ ಅಭಿನಯಿಸಿ, ಕೊನೆಗೆ ಮಗಳ ಬಾಯಿಂದ ದಿನವೂ ಕೇಳಿ ಕೇಳಿ ನಾಲಿಗೆಗೆ ಬಂದಿದ್ದ ಒಂದೇ ಶಬ್ದವನ್ನು ಉಚ್ಚರಿಸಿದೆನು: "ಕ್ರಾಂಕನ್‌ಹೌಸ್." ಆಸ್ಪತ್ರೆಯೆಂದು ಅರ್ಥ. ಅವಳು ಮೊದಲು ನನಗೇ ಕಾಯಿಲೆಯೆಂದು ಗಾಬರಿಗೊಂಡಳು; ಬಳಿಕ ತಿಳಿದುಕೊಂಡು, ಮಗಳ ಹೆಸರು ಹೇಳಿ ಆಸ್ಪತ್ರೆಗೆ ದೂರವಾಣಿ ಮಾಡಿದಳು. ಹಗಲಿನ ಪಾಳಿಯನ್ನು ಮುಗಿಸಿ ಮನೆಗೆ ಹೋಗುವ ಒಬ್ಬ ದಾದಿಯ ಕೈಯಲ್ಲಿ ಬೀಗದ ಕೈಯನ್ನು ಕಳುಹಿಸುವದೆಂದು ನಿರ್ಧಾರವಾಯಿತು. ಅದು ಬಂದು ತಲಪುವಾಗ ರಾತ್ರಿ ಹತ್ತು ಗಂಟೆ. ನಾಲ್ಕು ತಾಸುಗಳ ಕಾಲ ನಾವಿಬ್ಬರೂ ಒಂದೇ ಮೇಜಿನ ಎದುರಿನಲ್ಲಿ ಕುಳಿತಿದ್ದೆವು.

ಆ ನಾಲ್ಕು ತಾಸುಗಳಲ್ಲಿ ಮೊದಲನೆಯದು ನಗೆಪಾಟಲಿನದು. ಅವಳು ಕಾಫಿಯ ಪಾತ್ರೆಯನ್ನು ಎತ್ತಿಹಿಡಿದು ಬೇಕೇ ಎಂದು ಕೇಳಿದಳು. ನಾನು ಕೈ ಜೋಡಿಸಿ "ಡಾಂಕೆ" ಎಂದೆನು. ಉಪಕಾರವಾಯಿತೆಂದು ಅರ್ಥ, ಇದೊಂದು ಶಬ್ದವನ್ನು ವಿಮಾನದಲ್ಲಿಯೇ ಕಲಿತಿದ್ದೆನು. ಅವಳು ಪಾತ್ರೆಯನ್ನು ಕೆಳಗಿಟ್ಟಳು. ಸೇಬುಹಣ್ಣಿನ ಕೇಕಿನ ತಟ್ಟೆಯನ್ನು ಚಾಚಿದಳು. ನಾನು ಮತ್ತೆ "ಡಾಂಕೆ" ಎಂದೆನು. ತಟ್ಟೆಯೂ ಹಿಂದಕ್ಕೆ ಹೋಯಿತು. ಮಧ್ಯಾಹ್ನ ಸರಿಯಾಗಿ ಉಣ್ಣದಿದ್ದ ನನಗೆ ಹೊಟ್ಟೆ ಹಸಿದಿತ್ತು. ಕೊಡುವೆನೆಂದು ತೋರಿಸಿ ಕೊಡದಿರುವ ಇದೆಂಥ ಉಪಚಾರವೆಂದು ಯೋಚಿಸಿದೆನು. ಸಂಗತಿಯೇನಂದರೆ, ಆ ಭಾಷೆಯಲ್ಲಿ ಏನನ್ನಾದರೂ ಕೊಡಬಂದಾಗ ಬರಿಯ "ಡಾಂಕೆ" ಎಂದರೆ "ಬೇಡ" ಎಂಬ ಅರ್ಥವಾಗುವದು. ಬೇಕಾದವರು "ಯಾ, ಬಿಟ್ಟೆ" ಎನ್ನಬೇಕು. ಕನ್ನಡದಲ್ಲಿ 'ಬಿಟ್ಟೆ' ಎಂದವಳಿಗೆ ತಟ್ಟೆ ದಕ್ಕದು, ಅಲ್ಲಿ 'ಬಿಟ್ಟೆ' ಎಂದವಳಿಗೇ ದಕ್ಕುವದು! ಇದಲ್ಲದೆ, ನಮ್ಮಲ್ಲಿ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವದು ವಾಡಿಕೆ. ಅವರು ಒಮ್ಮೆ ಕೇಳುವರು. ಬೇಡವೆಂದರೆ ಆ ಮಾತನ್ನು ಮನ್ನಿಸಿ ಸುಮ್ಮನಾಗುವರು. ಒತ್ತಾಯ ಮಾಡದಿರುವದೇ ಅವರ ಗೌರವ. ಇದನ್ನರಿಯದೆ ಎಷ್ಟು ಮಂದಿ ನಮ್ಮವರು ಹಸಿದು ಬಂದು, ಆ ಜನರು ಜಿಪುಣರೆಂದು ಊರೆಲ್ಲ ಸಾರಿದ್ದಾರೋ!

ಬಳಿಕ ಅವಳು ತನ್ನ ಎದೆಯನ್ನು ಮುಟ್ಟಿಕೊಂಡು ತನ್ನ ಹೆಸರನ್ನು ಹೇಳಿ, ನನ್ನ ಕಡೆಗೆ ಬೆರಳು ಮಾಡಿ, "ನಾಮೆ?" ಎಂದು ಕೇಳಿದಳು. ನಾನು ಬೆರಗಾದೆನು. ನಾಮವೆಂಬ ಶಬ್ದ ಅಲ್ಲಿಯೂ ನಾಮವೇ! ಮೂಗನ್ನು ಮುಟ್ಟಿ ತೋರಿಸಿದೆನು. "ನಾಸೆ" ಎಂದಳು. ಸಂಸ್ಕೃತವೂ ಜರ್ಮನವೂ ಒಂದೇ ಮೂಲದಿಂದ ಬಂದ ಭಾಷೆಗಳೆಂದು ಪುಸ್ತಕದಲ್ಲಿ ಓದಿ ಮಕ್ಕಳಿಗೆ ಹೇಳಿದವಳೇ ನಾನು. ಆದರೆ ಒಬ್ಬ ಮುದುಕಿಯ ಅಡಿಗೆಮನೆಯಲ್ಲಿ ಮೂಗು ಮುಟ್ಟಿಕೊಂಡು ಅದನ್ನು ಕಂಡುಕೊಳ್ಳುವ ಸಂತೋಷವೇ ಬೇರೆ. ಹಣ್ಣಿನ ಬುಟ್ಟಿಯಲ್ಲಿದ್ದ ಅನಾನಸು ಅವಳಿಗೂ "ಆನಾನಾಸ್". ಹೊದ್ದುಕೊಳ್ಳಲು ಕೊಟ್ಟ ಶಾಲು ಅವಳಿಗೂ "ಶಾಲ್". ಹೀಗೆ ತಟ್ಟೆ, ಚಮಚ, ಉಪ್ಪು, ದೀಪ, ಒಂದೊಂದನ್ನೂ ಮುಟ್ಟಿ ಕೇಳುವದು, ಅವಳು ಹೇಳುವದು, ನಾನು ತಪ್ಪಾಗಿ ಹೇಳುವದು, ಅವಳು ನಗುವದು. ಬಾಗಿಲಿಗೆ "ತ್ಯೂರ್" ಎನ್ನುವರು. ಆ ಸ್ವರ ನಮ್ಮಲ್ಲಿಲ್ಲ. ತುಟಿಗಳನ್ನು 'ಊ' ಎನ್ನುವಂತೆ ದುಂಡಗೆ ಮಾಡಿಕೊಂಡು ಒಳಗಿನಿಂದ 'ಈ' ಎನ್ನಬೇಕು. ಹತ್ತು ಸಲ ಹೇಳಿಸಿದಳು. ನನ್ನನ್ನು ಹೊರಗೆ ನಿಲ್ಲಿಸಿದ ಆ ಬಾಗಿಲೇ ನಾನು ಸರಿಯಾಗಿ ಉಚ್ಚರಿಸಿದ ಮೊದಲನೆಯ ಜರ್ಮನ್ ಶಬ್ದವಾಯಿತು.

ಈ ಸಂಗತಿಯನ್ನು ನಾನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ನಮ್ಮಿಬ್ಬರ ನಡುವಿನ ಗೋಡೆಯನ್ನು ಕೆಡವಿದ್ದು ಮುಗುಳುನಗೆಯೆಂದು ಹೇಳುವವರುಂಟು. ನಾನು ಹಾಗೆ ಎಣಿಸುವದಿಲ್ಲ. ಮೊದಲನೆಯ ಸಲ ಹೋದಾಗಲೂ ಕಿಟಕಿಯಿಂದ ಕೆಳಗೆ ನೋಡಿ ನಾನು ಎಷ್ಟೋ ಮಂದಿಯನ್ನು ನೋಡಿ ನಕ್ಕಿದ್ದೆನು, ಏನೂ ಆಗಲಿಲ್ಲ. ಆ ದಿನ ನನಗೆ ಅವಳ ಸಹಾಯ ಬೇಕಾಗಿತ್ತು. ಬೇಕಾಗಿದೆಯೆಂದು ಕೇಳುವದಕ್ಕೆ ಬೇರೆ ಗತಿಯಿಲ್ಲದೆ ಹೋಯಿತು. ಕೇಳಿದ್ದರಿಂದ ಅವಳಿಗೆ ನನ್ನ ಮುಂದೆ ಒಂದು ಸ್ಥಾನ ದೊರೆಯಿತು. ಮೊದಲು ಆಶ್ರಯ ಕೊಟ್ಟವಳ ಸ್ಥಾನ, ಅನಂತರ ಗುರುವಿನ ಸ್ಥಾನ. ನಮ್ಮ ಹೆಂಗಸರು ಪರದೇಶಕ್ಕೆ ಹೊರಡುವಾಗ ಮನಸ್ಸಿನಲ್ಲಿ ಒಂದು ವ್ರತ ಹಿಡಿದಂತೆ ಹೊರಡುವರು: ಯಾರಿಗೂ ಭಾರವಾಗಬಾರದು, ಯಾರ ಬಾಗಿಲಿಗೂ ಹೋಗಬಾರದು. ಈ ವ್ರತವನ್ನು ಚೆನ್ನಾಗಿ ಪಾಲಿಸಿದವರನ್ನು ಅಲ್ಲಿ ಯಾರೂ ಅರಿಯರು. ನೆರೆಯವರಿಗೆ ಚಕ್ಕುಲಿ, ಉಂಡೆಗಳನ್ನು ಕೊಟ್ಟು ಸ್ನೇಹ ಸಂಪಾದಿಸಬೇಕೆಂದು ಕೆಲವರು ಉಪದೇಶಿಸುವರು. ಕೊಡುವದು ಒಳ್ಳೆಯದೇ. ಆದರೆ ಕೊಟ್ಟವಳು ಕೊಟ್ಟು ಮೇಲೆ ಹೋಗುವಳು, ತೆಗೆದುಕೊಂಡವಳು ಉಪಕಾರ ಹೇಳಿ ಬಾಗಿಲು ಹಾಕಿಕೊಳ್ಳುವಳು, ಅಲ್ಲಿಗೆ ಮುಗಿಯಿತು. ಒಂದು ಹಿಡಿ ಉಪ್ಪು ಬೇಡಿದರೆ ಅದನ್ನು ಹಿಂದಕ್ಕೆ ಕೊಡುವದಕ್ಕಾದರೂ ಇನ್ನೊಮ್ಮೆ ಹೋಗಬೇಕಾಗುವದಷ್ಟೆ.

ಇನ್ನು ಕೆಲಸದ ಮಾತು. ಆ ಶ್ವಾಬ ಸೀಮೆಯಲ್ಲಿ "ಕೇರ್‌ವೋಖೆ" ಎಂಬ ಪದ್ಧತಿಯುಂಟು. ಗುಡಿಸುವ ವಾರವೆಂದು ಅರ್ಥ. ಹಲವು ಕುಟುಂಬಗಳಿರುವ ಕಟ್ಟಡದಲ್ಲಿ ಮೆಟ್ಟಿಲು, ಅಂಗಳ, ಬೀದಿಯ ಅಂಚುಗಳನ್ನು ಒಂದೊಂದು ವಾರ ಒಂದೊಂದು ಮನೆಯವರು ಗುಡಿಸಿ ತೊಳೆಯತಕ್ಕದ್ದು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಚಿಕ್ಕ ಹಲಗೆಯನ್ನು ತೂಗಹಾಕುವರು; ವಾರ ಮುಗಿದ ಮೇಲೆ ಅವರು ಅದನ್ನು ಮುಂದಿನವರ ಬಾಗಿಲಿಗೆ ತೂಗಹಾಕುವರು. ಸ್ಟುಟ್‌ಗಾರ್ಟಿನಲ್ಲಿ ಜನರು ತಮ್ಮ ಮನೆಯ ಕಸವನ್ನು ವಾರವಾರವೂ ಹೊರಗೆ ಸಾಗಿಸಿ ಪಟ್ಟಣವನ್ನು ಶುಚಿಯಾಗಿಡಬೇಕೆಂದು 1492ರಷ್ಟು ಹಿಂದೆಯೇ ಅಲ್ಲಿಯ ಪ್ರಭುವು ನಿಯಮ ಮಾಡಿದ್ದನೆಂದು ಹೇಳಿ ಆ ಜನರು ಈ ವಿಷಯದಲ್ಲಿ ಹೆಮ್ಮೆ ಪಡುವರು, ತಮ್ಮನ್ನು ತಾವೇ ಹಾಸ್ಯವನ್ನೂ ಮಾಡಿಕೊಳ್ಳುವರು. ಮಗಳಿಗೆ ಈ ಹಲಗೆಯೆಂದರೆ ತಲೆನೋವು. ರಾತ್ರಿಯೆಲ್ಲಾ ದುಡಿದು ಬಂದವಳು ಮೆಟ್ಟಿಲು ತೊಳೆಯುವದೆಂದರೆ ಸಾಮಾನ್ಯವೇ? ಅವಳ ಪಾಲಿನದನ್ನು ನಾನು ಮಾಡುವೆನೆಂದು ಕೆಳಮಹಡಿಗೆ ಹೋಗಿ, ಹಲಗೆಯನ್ನು ತೋರಿಸಿ, ಹೇಗೆಂದು ಕಲಿಸಿಕೊಡಬೇಕೆಂದು ಸನ್ನೆಯಿಂದ ಕೇಳಿದೆನು.

ಅಂಗಳ ಗುಡಿಸುವದನ್ನು ಹುಟ್ಟಿದಂದಿನಿಂದ ಬಲ್ಲ ನನಗೆ ಕಲಿಸುವದೇನಿದೆಯೆಂದು ನೀವು ಕೇಳಬಹುದು. ಹಿಡಿಸೂಡಿಯನ್ನು ಹಿಡಿದು ಬಗ್ಗಿ ಗುಡಿಸುವವಳು ನಾನು. ಅವರದು ನಿಂತು ಗುಡಿಸುವ ಉದ್ದ ಹಿಡಿಯ ಪೊರಕೆ. ಮೆಟ್ಟಿಲಿನ ಮೂಲೆಯಲ್ಲಿ ಬೆರಳಾಡಿಸಿ ಧೂಳನ್ನು ನನಗೆ ತೋರಿಸಿದಳು. ನಮ್ಮ ಶಾಲೆಯ ವಸತಿಗೃಹದಲ್ಲಿ ಶನಿವಾರ ಬೆಳಿಗ್ಗೆ ಮೂಲೆಗಳನ್ನು ಪರೀಕ್ಷಿಸುತ್ತಿದ್ದ ಮೇಟ್ರನರ ನೆನಪಾಯಿತು. ವಸತಿಗೃಹದಲ್ಲಿದ್ದವರು ಇದನ್ನು ಓದಿ ನಗುವರೆಂದು ಬಲ್ಲೆನು. ಆ ಕೆಲಸದ ನಡುವೆ ಬಂದ ಶಬ್ದಗಳು ಇಂದಿಗೂ ನನಗೆ ಮರೆತಿಲ್ಲ: ಇಲ್ಲಿ, ಅಲ್ಲಿ, ಇನ್ನೊಮ್ಮೆ, ನೀರು, ಮೆಲ್ಲಗೆ, ಜಾರೀತು, ಸಾಕು. ಪುಸ್ತಕದಿಂದ ಕಲಿತವು ಮರುದಿನ ಮರೆತುಹೋಗುತ್ತಿದ್ದವು, ಕೈಯಲ್ಲಿ ಪೊರಕೆಯಿದ್ದಾಗ ಬಂದವು ಕೈಗೇ ಅಂಟಿಕೊಂಡವು. ಮತ್ತು ಇಬ್ಬರೂ ಒಂದು ಕೆಲಸದಲ್ಲಿದ್ದಾಗ ಸುಮ್ಮನಿರುವದೂ ಭಾರವಾಗುವದಿಲ್ಲ. ಮಾತು ಬಾರದ ಇಬ್ಬರನ್ನು ಎದುರುಬದುರಾಗಿ ಕುರ್ಚಿಯ ಮೇಲೆ ಕುಳ್ಳಿರಿಸಿ ಸ್ನೇಹ ಮಾಡಿಕೊಳ್ಳಿರೆಂದರೆ ಅದು ಹಿಂಸೆ. ಮೌನವು ಮೇಜಿನ ಮೇಲೆ ಕಲ್ಲಿನಂತೆ ಬಿದ್ದಿರುವದು. ಅದೇ ಇಬ್ಬರಿಗೆ ಒಂದು ಬುಟ್ಟಿ ಹುರುಳಿಕಾಯಿಯನ್ನು ಕೊಟ್ಟು ನಾರು ತೆಗೆಯಲು ಹೇಳಿರಿ!

ಅಡಿಗೆಮನೆಯಲ್ಲಿಯೂ ಹೀಗೆಯೇ. ಅವರು "ಶ್ಪೆಟ್ಸ್‌ಲೆ" ಎಂಬದೊಂದನ್ನು ಮಾಡುವರು. ಗೋದಿಹಿಟ್ಟು, ಮೊಟ್ಟೆ, ನೀರುಗಳನ್ನು ಕಲಸಿ, ಒದ್ದೆಮಾಡಿದ ಹಲಗೆಯ ಮೇಲೆ ಹರಡಿ, ಕತ್ತಿಯಿಂದ ಸಣ್ಣ ಸಣ್ಣ ಎಳೆಗಳಾಗಿ ಕುದಿಯುವ ನೀರಿಗೆ ಕೆರೆದು ಹಾಕುವದು. ತೇಲಿ ಬಂದರೆ ಬೆಂದಿತೆಂದು ಲೆಕ್ಕ. ಕೆರೆಯಲಾರದವರಿಗೆ ಒತ್ತುವ ಉಪಕರಣವೂ ಉಂಟು. ಅದನ್ನು ಕಂಡು ನಾನು ನಮ್ಮ ಶಾವಿಗೆ ಒತ್ತುವ ಒರಳಿನ ಮೊಮ್ಮಗಳೆಂದುಕೊಂಡೆನು. ಒರಳಿನ ಚಿತ್ರವನ್ನು ಬರೆದು ತೋರಿಸಿದಾಗ ಅವಳು ಅದನ್ನು ತೆಗೆದಿರಿಸಿಕೊಂಡಳು. ಹೆಸರಿನ ಕೊನೆಯ "ಲೆ" ಎಂಬದನ್ನು ಆ ಸೀಮೆಯವರು ಎಲ್ಲದಕ್ಕೂ ಅಂಟಿಸಿ ಚಿಕ್ಕದು, ಮುದ್ದಿನದು ಎಂಬರ್ಥ ಬರಿಸುವರು. ಮಗಳು ಪರೀಕ್ಷೆಗಾಗಿ ಓದಿದ ಶಿಷ್ಟ ಜರ್ಮನಿಗೂ ಈ ಶ್ವಾಬ ನುಡಿಗೂ ನಮ್ಮ ಪುಸ್ತಕದ ಕನ್ನಡಕ್ಕೂ ಹಳ್ಳಿಯ ಕನ್ನಡಕ್ಕೂ ಇರುವಷ್ಟು ಅಂತರವುಂಟು. ಒಮ್ಮೊಮ್ಮೆ ಮಗಳಿಗೆ ತಿಳಿಯದ ಮಾತು ನನಗೆ ತಿಳಿಯುತ್ತಿತ್ತು. ಆ ಜಂಬವನ್ನು ನಾನು ಮರೆಮಾಡುವದಿಲ್ಲ.

ಭಾಷೆಯ ಕಟ್ಟನ್ನು ಕಂಡು ಹೆದರಬಾರದೆಂದೂ ಹೇಳಬೇಕು. ನಮಗೆ ಹೊಸದಲ್ಲದ ಸಂಗತಿಗಳು ಅದರಲ್ಲಿ ಎಷ್ಟೋ ಉಂಟು. ನಮ್ಮಲ್ಲಿ 'ನೀನು', 'ನೀವು' ಇರುವಂತೆ ಅಲ್ಲಿ 'ಡೂ', 'ಸೀ' ಎಂದುಂಟು. ಹಿರಿಯರು ಒಪ್ಪಿಗೆ ಕೊಡುವ ತನಕ 'ಡೂ' ಎನ್ನಬಾರದೆಂಬದನ್ನು ನಮ್ಮ ಹುಡುಗಿಗೆ ಯಾರೂ ಕಲಿಸಬೇಕಾಗಿಲ್ಲ. 'ಅವನು ಈ ದಿನ ಬರುತ್ತಾನೆಂದು ನನಗೆ ಗೊತ್ತು' ಎಂಬಂಥ ವಾಕ್ಯದ ಒಳಭಾಗದಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆಯೇ ಕೊನೆಗೆ ಬರುವದು. ಇಂಗ್ಲಿಷರು ತಡವರಿಸುವ ಕಡೆಯಲ್ಲಿ ನಾವು ಸಲೀಸಾಗಿ ನಡೆಯಬಹುದು. ಸಂಖ್ಯೆಯಲ್ಲಿ ಮಾತ್ರ ನಾನು ಮೋಸಹೋದೆನು. ಮೂವತ್ತೈದಕ್ಕೆ ಅವರು 'ಐದು ಮತ್ತು ಮೂವತ್ತು' ಎನ್ನುವರು. ಸಂತೆಯಲ್ಲಿ ತರಕಾರಿಯವಳು ಹಾಗೆಂದಾಗ ಮೊದಲು ಕಿವಿಗೆ ಬಿದ್ದ ಐದನ್ನು ಹಿಡಿದು ಐವತ್ತಮೂರೆಂದು ಲೆಕ್ಕ ಹಾಕಿ ಹೆಚ್ಚು ಹಣ ಎಣಿಸಿ ಕೊಟ್ಟೆನು. ಅವಳು ಹೆಚ್ಚಿನದನ್ನು ಹಿಂದಕ್ಕೆ ನನ್ನ ಅಂಗೈಯಲ್ಲಿಟ್ಟು, ಒಂದೊಂದು ನಾಣ್ಯವನ್ನೂ ಮುಟ್ಟಿ ಎಣಿಸಿ ತೋರಿಸಿದಳು. ಸಂಸ್ಕೃತದ 'ಪಂಚತ್ರಿಂಶತ್' ಎಂಬದೂ ಇದೇ ಕ್ರಮದ್ದಲ್ಲವೇ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಒಂದೇ ಬೆಳಿಗ್ಗೆ ಮೀನಿನವಳೊಡನೆ ತುಳು, ಅಂಗಡಿಯವನೊಡನೆ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡಿ ಬೆಳೆಯುವ ನಮ್ಮ ಕರಾವಳಿಯ ಹುಡುಗಿಯರು ಇನ್ನೊಂದು ಭಾಷೆಗೆ ಅಂಜುವರೆಂದರೆ ನಾನು ನಂಬುವದಿಲ್ಲ. ಅವರಿಗೆ ಅಂಜಿಕೆ ಭಾಷೆಯದಲ್ಲ, ತಪ್ಪಾಡಿದರೆ ನಗುವರೆಂಬದು. ನಗಲಿ! ನಕ್ಕವಳು ಮರುದಿನ ಗುರುತು ಹಿಡಿಯುವಳು.

ಇಷ್ಟರ ಮೇಲೆ ನಾನು ಎರಡನೆಯ ತಪ್ಪಿನಲ್ಲಿ ಬಿದ್ದೆನು. ಇನ್ನು ನನಗೆ ಎಲ್ಲವೂ ನಡೆಯುವದು, ಸನ್ನೆಯೂ ನಗೆಯೂ ಸಾಕು, ಎಂಬ ಧೈರ್ಯ ಬಂತು. ನೆಗಡಿಯಾಗಿ ಮೂಗು ಕಟ್ಟಿದಾಗ ಮಗಳಿಗೆ ಹೇಳದೆ ಔಷಧದ ಅಂಗಡಿಗೆ ಹೋಗಿ, ಮೂಗನ್ನು ತೋರಿಸಿ ಕೇಳಿದೆನು. ಅಂಗಡಿಯ ಹೆಂಗಸು ಬಹಳ ತಾಳ್ಮೆಯಿಂದ ಮೂರು ನಾಲ್ಕು ಪ್ರಶ್ನೆಗಳನ್ನು ಕೇಳಿದಳು. ನಾನು ಎಲ್ಲದಕ್ಕೂ ನಗುತ್ತಾ "ಯಾ, ಯಾ" ಎಂದೆನು. ಅವುಗಳಲ್ಲೊಂದು, ರಕ್ತದೊತ್ತಡ ಸರಿಯಾಗಿದೆಯೇ ಎಂಬದಾಗಿದ್ದಿರಬೇಕು. ನಾನು ಹತ್ತು ವರುಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತಿನ್ನುವವಳು. ಮೂಗು ಬಿಡಿಸುವ ಆ ಜಾತಿಯ ಮಾತ್ರೆಗಳು ಒತ್ತಡವನ್ನು ಏರಿಸತಕ್ಕವು. ಆ ರಾತ್ರಿ ಎದೆ ಬಡಿದುಕೊಂಡ ರೀತಿಯನ್ನು ಈಗ ನೆನಸಿದರೂ ಮೈ ಬೆವರುವದು. ಮಗಳು ಬಂದು ಪೆಟ್ಟಿಗೆಯನ್ನು ಓದಿ ನೋಡಿ, ಮೊದಲು ನಾಡಿ ಹಿಡಿದು, ಅನಂತರ ನನ್ನ ಮೇಲೆ ಹರಿಹಾಯ್ದಳು. ಕೇಳತಕ್ಕದ್ದನ್ನೆಲ್ಲಾ ಅಂಗಡಿಯವಳು ಕೇಳಿದ್ದಳು, ತಪ್ಪು ಪೂರ್ತಿಯಾಗಿ ನನ್ನದು.

ಆದುದರಿಂದ ಪರದೇಶಕ್ಕೆ ಹೋಗುವ ಹೆಂಗಸು ಮೊದಲು ಕಲಿಯಬೇಕಾದದ್ದು ವಂದನೆಯನ್ನು. ಅದರ ಬೆನ್ನಿಗೇ, "ನನಗೆ ತಿಳಿಯಲಿಲ್ಲ" ಎಂಬದನ್ನು. ತಿಳಿಯದೆ ತಲೆಯಾಡಿಸುವದು ನಮ್ಮವರ ದೊಡ್ಡ ದುರ್ಗುಣ. ಎದುರಿನವರಿಗೆ ಬೇಸರವಾದೀತೆಂಬ ದಾಕ್ಷಿಣ್ಯದಿಂದ ಹುಟ್ಟಿದ್ದಾದರೂ ಅದು ಸುಳ್ಳೇ. ಅದರ ಮೇಲೆ ನಾವು ತಲೆಯನ್ನು ಅತ್ತಿತ್ತ ಆಡಿಸುವ ರೀತಿ ಅವರ ಕಣ್ಣಿಗೆ 'ಇಲ್ಲ' ಎಂಬಂತೆ ಕಾಣುವದು! ತಿನ್ನುವ ಮಾತ್ರೆಗಳ ಹೆಸರುಗಳನ್ನು, ಕಂಪೆನಿಯ ಹೆಸರಲ್ಲ, ಔಷಧದ ಹೆಸರುಗಳನ್ನು, ಇಂಗ್ಲಿಷು ಅಕ್ಷರದಲ್ಲಿ ಬರೆಸಿ ಚೀಲದಲ್ಲಿಟ್ಟುಕೊಳ್ಳಿರಿ. ತುರ್ತಿಗೆ 112 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿರಿ. ಈಗಿನ ಕೈದೂರವಾಣಿಗಳು ಆಡಿದ್ದನ್ನು ಭಾಷಾಂತರಿಸಿ ಹೇಳುವವು. ಔಷಧದ ಅಂಗಡಿಯಲ್ಲಿ, ರೈಲು ನಿಲ್ದಾಣದಲ್ಲಿ ಅದಕ್ಕಿಂತ ಉಪಕಾರಿಯಾದದ್ದು ಇನ್ನೊಂದಿಲ್ಲ. 2023ರಲ್ಲಿ ನಾನು ಅದನ್ನು ಧಾರಾಳವಾಗಿ ಉಪಯೋಗಿಸಿದೆನು. ಆದರೆ ವೃದ್ಧೆಯ ಮೇಜಿನ ಮೇಲೆ ಅದನ್ನು ಇಟ್ಟ ದಿನ ಇಬ್ಬರೂ ಪರಸ್ಪರ ಮುಖ ನೋಡುವದನ್ನು ಬಿಟ್ಟು ಅದರ ಗಾಜನ್ನೇ ನೋಡುತ್ತಿದ್ದೆವು. ಅವಳೇ ಅದನ್ನು ತೆಗೆದು ಸೇಬುಗಳ ಬುಟ್ಟಿಯೊಳಗಿಟ್ಟಳು.

ನಮ್ಮ ಇಂಗ್ಲಿಷನ್ನು ಕುರಿತು ಒಂದು ಮಾತು, ಕೆಲವರಿಗೆ ರುಚಿಸಲಿಕ್ಕಿಲ್ಲ. ಈ ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಮೇಲೆ ನನಗೆ ಅಭಿಮಾನವಿದೆ. ಆದರೂ ಆ ಊರಿನಲ್ಲಿ ಅದು ನನಗೆ ಎಷ್ಟೋ ದಿನ ಅಡ್ಡಿಯಾಗಿತ್ತು. ನಾನು ನಿರರ್ಗಳವಾಗಿ ಇಂಗ್ಲಿಷಿನಲ್ಲಿ ಕೇಳಿದೊಡನೆ ರೊಟ್ಟಿಯಂಗಡಿಯ ಹೆಂಗಸಿನ ಮುಖ ಪರೀಕ್ಷೆಗೆ ಕುಳಿತ ಹುಡುಗಿಯ ಮುಖದಂತಾಗುತ್ತಿತ್ತು. ಅವಳೂ ಶಾಲೆಯಲ್ಲಿ ಇಂಗ್ಲಿಷು ಕಲಿತವಳೇ, ತಪ್ಪಾದೀತೆಂದು ನಾಚುವವಳೇ, ನಮ್ಮ ಹಾಗೆಯೇ. ತನ್ನ ಊರಿನಲ್ಲಿ ತನ್ನ ಅಂಗಡಿಯಲ್ಲಿ ನಿಂತು ಪರದೇಶಿಯ ಮುಂದೆ ನಾಚಿಕೊಳ್ಳಬೇಕಾದರೆ ಯಾರಿಗೆ ತಾನೇ ಹಿತವಾದೀತು? ಅದೇ ಬೀದಿಯಲ್ಲಿ ಪಂಜಾಬಿನ ಒಬ್ಬ ತಾಯಿ ಮಗನ ಮನೆಗೆ ಬಂದಿದ್ದಳು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯಳು. ತಿಂಗಳೊಳಗೆ ಸಂತೆಯವರೆಲ್ಲ ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಮರುದಿನದಿಂದ ನಾನೂ ರೊಟ್ಟಿಯಂಗಡಿಯಲ್ಲಿ ನನ್ನ ಆರು ಜರ್ಮನ್ ಶಬ್ದಗಳನ್ನೇ ತಪ್ಪುತಪ್ಪಾಗಿ ಆಡತೊಡಗಿದೆನು. ಅಂದಿನಿಂದ ತಿದ್ದುವವಳು ಅವಳು, ಕಲಿಯುವವಳು ನಾನು, ಮುಖ ಅರಳಿತು.

ಪರದೇಶದಲ್ಲಿರುವ ಹೆಣ್ಣುಮಕ್ಕಳಿಗೆ ನನ್ನದೊಂದು ದೂರು ಉಂಟು. ತಾಯಿ ಬಂದಾಗ ಪ್ರೀತಿಯಿಂದಲೇ ಎಲ್ಲವನ್ನೂ ನೀವೇ ಮಾತಾಡಿಬಿಡುವಿರಿ. ತಾಯಿಯನ್ನು ಕೇಳಿದ ಪ್ರಶ್ನೆಗೂ ಉತ್ತರ ನಿಮ್ಮದೇ. ಮಗಳು ಪಕ್ಕದಲ್ಲಿದ್ದ ಕಡೆಯಲ್ಲಿ ನಾನು ಒಂದು ಶಬ್ದವನ್ನೂ ಕಲಿಯಲಿಲ್ಲ. ಎರಡು ನಾಣ್ಯ ಕೈಯಲ್ಲಿ ಕೊಟ್ಟು ಅಮ್ಮನನ್ನು ಒಬ್ಬಳನ್ನೇ ರೊಟ್ಟಿ ತರಲು ಕಳುಹಿಸಿರಿ. ದಾರಿ ತಪ್ಪಿದರೆ ಕೇಳುವಳು. ಮೊಮ್ಮಗುವನ್ನು ತಳ್ಳುಬಂಡಿಯಲ್ಲಿ ಕರಕೊಂಡು ಹೋಗುವ ಅಜ್ಜಿಯನ್ನು ಬೇರೆ ಅಜ್ಜಿಯರು ಮಾತಾಡಿಸದೆ ಬಿಡುವದಿಲ್ಲ. ಇನ್ನು ಕೆಲಸಕ್ಕೆಂದು ಹೊರಡುವ ಹುಡುಗಿಯರಿಗೆ ಈ ಸ್ವಾತಂತ್ರ್ಯವಿಲ್ಲವೆಂಬದನ್ನೂ ಪೋಷಕರು ತಿಳಿದಿರಬೇಕು. ಜರ್ಮನಿಯಲ್ಲಿ ದಾದಿಯ ಕೆಲಸಕ್ಕೆ ಪೂರ್ಣ ಮಾನ್ಯತೆ ದೊರೆಯಬೇಕಾದರೆ ಸಾಮಾನ್ಯವಾಗಿ ಬಿ-2 ಎಂಬ ಮಟ್ಟದ ಭಾಷಾಜ್ಞಾನವನ್ನು ತೋರಿಸಬೇಕು. ಅಷ್ಟು ಕಲಿತು ಹೋದವರು ಆಸ್ಪತ್ರೆಯಲ್ಲಿ ದಿನವೆಲ್ಲಾ ಜರ್ಮನ್ ಆಡಿ, ಮನೆಗೆ ಬಂದ ಮೇಲೆ ನಮ್ಮವರ ಕೂಟಗಳಲ್ಲಿಯೇ ಕಾಲ ಕಳೆಯುವರು. ಹತ್ತು ವರುಷವಿದ್ದರೂ ನೆರೆಮನೆಯವರ ಹೆಸರು ಗೊತ್ತಿರುವದಿಲ್ಲ. ಭಾಷೆಯಿದ್ದೂ ಗೋಡೆ ಹಾಗೆಯೇ ನಿಲ್ಲುವದೆಂಬದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪ್ರತಿಯೊಂದು ಪಟ್ಟಣದಲ್ಲಿಯೂ "ಫೋಲ್ಕ್ಸ್‌ಹೋಖ್‌ಶೂಲೆ" ಎಂಬ ವಯಸ್ಕರ ಶಾಲೆಗಳುಂಟು. ಭಾಷೆಯಷ್ಟೇ ಅಲ್ಲ, ಹೊಲಿಗೆ, ಅಡಿಗೆ, ಸಂಗೀತಗಳನ್ನೂ ಸಾಯಂಕಾಲಗಳಲ್ಲಿ ಕಲಿಸುವರು. ಭಾಷೆಯ ತರಗತಿಯಲ್ಲಿ ನಿಮಗೆ ದೊರೆಯುವವರು ಇತರ ಪರದೇಶಿಗಳೇ. ಊರಿನವರನ್ನು ಕಾಣಬೇಕಾದರೆ ಹೊಲಿಗೆಯ ತರಗತಿಗೆ ಸೇರುವದು ಲೇಸೆಂದು ನನಗೆ ತೋರುವದು.

ಎಲ್ಲರೂ ಒಲಿಯುವರೆಂದು ನಾನು ಹೇಳುವದಿಲ್ಲ. ಮೇಲಿನ ಮಹಡಿಯ ಒಬ್ಬ ಗೃಹಸ್ಥನು ಮೂರು ಪ್ರವಾಸಗಳಲ್ಲಿ ಒಮ್ಮೆಯೂ ನನ್ನ ವಂದನೆಗೆ ಪ್ರತಿವಂದನೆ ಹೇಳಲಿಲ್ಲ. ಬಣ್ಣವನ್ನು ಕಂಡು ಮುಖ ತಿರುಗಿಸುವವರೂ ಇದ್ದಾರೆ, ಅದನ್ನು ಮುಚ್ಚಿಟ್ಟು ಮಕ್ಕಳನ್ನು ಕಳುಹಿಸಬಾರದು.

2023ರಲ್ಲಿ ಒಂದು ದಿನ ವೃದ್ಧೆಯೂ ನಾನೂ ರೈಲಿನಲ್ಲಿ ಟ್ಯೂಬಿಂಗನ್ ಪಟ್ಟಣಕ್ಕೆ ಹೋದೆವು. ನೆಕ್ಕರ್ ನದಿಯ ದಡದ ಆ ಊರಿನಲ್ಲಿ 1903ರಲ್ಲಿ ತೀರಿಕೊಂಡವರು ಫರ್ಡಿನೆಂಡ್ ಕಿಟ್ಟೆಲರು. 1853ರಲ್ಲಿ ಭಾರತಕ್ಕೆ ಬಂದು, ನಮ್ಮ ಭಾಷೆಯನ್ನು ಕಲಿತು, ಸುಮಾರು 70,000 ಶಬ್ದಗಳ ಕನ್ನಡ ಕೋಶವನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು. "ಮಂಗಳೂರು ಸಮಾಚಾರ"ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರಂತೂ ಆ ವುರ್ಟೆಂಬರ್ಗ್ ಸೀಮೆಯಲ್ಲೇ ಹುಟ್ಟಿದವರು. ಕಿಟ್ಟೆಲರ ಕೋಶವನ್ನು ನಮ್ಮ ಗ್ರಂಥಾಲಯದಲ್ಲಿ ತೆರೆದು ನೋಡಿದವರು ಬಲ್ಲರು, ಅದರಲ್ಲಿ ಕವಿಗಳ ಶಬ್ದಗಳ ಪಕ್ಕದಲ್ಲೇ ಮನೆಮಂದಿಯ ಮಾತುಗಳೂ ಗಾದೆಗಳೂ ಇವೆ. ಯಾವ ಜಗಲಿಯ ಮೇಲೆ ಕುಳಿತು, ಎಷ್ಟು ಮಂದಿಯನ್ನು 'ಇದಕ್ಕೇನನ್ನುವಿರಿ' ಎಂದು ಕೇಳಿದ್ದರೋ! ಎಷ್ಟು ಮಂದಿ ನಕ್ಕಿದ್ದರೋ! ಇದನ್ನೆಲ್ಲಾ ನಾನು ನನ್ನ ಗೆಳತಿಗೆ ಹೇಳಬೇಕೆಂದಿದ್ದೆನು. ನನಗೆ ಕೂಡಿಬಂದದ್ದು ಇಷ್ಟೇ: "ಇಲ್ಲಿ ಒಬ್ಬ ಮನುಷ್ಯ ಸತ್ತ. ಅವನು ನನ್ನ ಭಾಷೆಯ ಪುಸ್ತಕ ಮಾಡಿದ. ದೊಡ್ಡ ಪುಸ್ತಕ." ಅವಳು ನಿಂತು, ನನ್ನ ಮುಖ ನೋಡಿ, "ವಾರುಮ್?" ಎಂದಳು. ಯಾತಕ್ಕೆ? ಒಳ್ಳೆಯ ಪ್ರಶ್ನೆ. ಉತ್ತರ ಹೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ. ಸನ್ನೆಯಿಂದ ಹೇಳುವ ಉತ್ತರವೂ ಅದಲ್ಲ. ಆ ದಿನ ನಾಚಿಕೆಯಾದಷ್ಟು ಬಾಗಿಲು ಮುಚ್ಚಿಕೊಂಡ ದಿನವೂ ಆಗಿರಲಿಲ್ಲ. ಊರಿಗೆ ಬಂದ ಮೇಲೆ ನಾನು ವ್ಯಾಕರಣದ ಪುಸ್ತಕವನ್ನು ತರಿಸಿಕೊಂಡು ಅರುವತ್ತೇಳನೆಯ ವಯಸ್ಸಿನಲ್ಲಿ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿರುವದು ಆ ಒಂದು ಪ್ರಶ್ನೆಯ ನಿಮಿತ್ತ.

ಅವಳು ಕಲಿತ ಕನ್ನಡವೂ ಸ್ವಲ್ಪವುಂಟು. ಮೊದಲನೆಯ ಶಬ್ದ "ಸಾಕು". ನಾನು ತಟ್ಟೆಗೆ ಬಡಿಸುತ್ತಲೇ ಇರುತ್ತಿದ್ದುದರಿಂದ ಅದು ಅವಳಿಗೆ ತುರ್ತಾಗಿ ಬೇಕಾಯಿತು. ಈಗ ಅವಳಿಗೆ ಮೊಣಕಾಲಿನ ನೋವು ಹೆಚ್ಚಾಗಿ ಪೊರಕೆ ಹಿಡಿಯಲಾಗುತ್ತಿಲ್ಲ. ಗುಡಿಸುವ ವಾರದ ಹಲಗೆ ನನ್ನ ಮಗಳ ಬಾಗಿಲಿಗೆ ಎರಡು ವಾರ ಒಟ್ಟಿಗೆ ತೂಗುತ್ತಿರುತ್ತದಂತೆ. ಮೂಲೆಗಳಲ್ಲಿ ಧೂಳು ಉಳಿದಿದೆಯೆಂದು ಆದಿತ್ಯವಾರ ದೂರವಾಣಿಯಲ್ಲಿ ನನಗೆ ದೂರು ಬರುವದು. ನಾನು ಕೇಳಿ, ತಿಳಿದಷ್ಟಕ್ಕೆ ಉತ್ತರ ಕೊಟ್ಟು, ತಿಳಿಯದ್ದನ್ನು ಇನ್ನೊಮ್ಮೆ ಹೇಳೆನ್ನುವೆನು.

— ಒಬ್ಬ ಹಳೇ ವಿದ್ಯಾರ್ಥಿನಿ